ಕೋಡುಬಳೆ ಗಾತ್ರದ ಅಕ್ಷರಗಳು

ನಮ್ಮ ಸೋದರತ್ತೆಯ ಕೈ ತಾಗಿದರೆ ಕಂಪ್ಯೂಟರ್ ಕೂಡ ಮೂರ್ಛೆ ಹೋಗುತ್ತದೆ! ಅದನ್ನು ಎಚ್ಚರಿಸಲು ಮೈಸೂರಿನ ಹಿನಕಲ್‌ನಿಂದ ಅತ್ತೆಯ ಮನೆಯಿರುವ ಕೃಷ್ಣಮೂರ್ತಿಪುರಂಗೆ ಸ್ಕೂಟರ್ ಓಡಿಸಿ ಓಡಿಸಿ ಸವೆದುಹೋದವನು ನಾನು.

ರೋಗ ಗೊತ್ತಿರುವುದೇ. ಅತ್ತೆಯ ಪ್ರಿಂಟರ್ ಓಬೀರಾಯನ ಕಾಲದ್ದು. ಅದಕ್ಕೂ ಕಂಪ್ಯೂಟರ್‌ಗೂ ಮಾತುಕತೆ ನಡೆಸಬೇಕಾದ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಕೆಟ್ಟಿದೆ. ಪ್ರಿಂಟ್ ಒತ್ತಿದೊಡನೆ ಪರದೆ ನೀಲಿ! ಹೊಂದುವ ಡ್ರೈವರ್ ಹುಡುಕಿ ಹಾಕಿ ಬರುತ್ತೇನೆ. ಮುಂದಿನ ಅಪ್‌ಡೇಟ್ ಅದನ್ನೂ ಕೆಡಿಸುತ್ತದೆ. ಮತ್ತೆ ಫೋನು: "ನೀಲಿ ಆಗ್ಬುಡ್ತು ಕಣೋ!"

"ಆ ಹಳೇ ಪ್ರಿಂಟರ್ ಎಸೆದುಬುಡಿ ಅತ್ತೆ."

"ಹಳಬಳಾದೆ ಅಂತ ನನ್ನೂ ಎಸೀತೀಯೇನೋ?"

ಇದಕ್ಕೆ ಉತ್ತರ ಕೊಟ್ಟು ಗೆದ್ದವರುಂಟೇ?

ಅಷ್ಟಕ್ಕೂ ಅವರು ಅಚ್ಚು ಹಾಕುವುದು ಏನು? ಭಜನಾ ಮಂಡಳಿಗೆ ದೇವರನಾಮ. ಅದೂ ಹಾಳೆಗೆ ನಾಲ್ಕೇ ಸಾಲು, ಒಂದೊಂದು ಅಕ್ಷರವೂ ಕೋಡುಬಳೆ ಗಾತ್ರ! ಮೊದಲು ಹಾಡಿಕೊಡುವ ಗೆಳತಿ ಸರೋಜಮ್ಮನಿಂದ ಹಿಡಿದು ತಾಳ ಹಾಕುವವರವರೆಗೆ ಎಲ್ಲರಿಗೂ ಒಂದೊಂದು ಕಟ್ಟು. "ಜೆರಾಕ್ಸ್ ಅಂಗಡಿಗೆ ಕೊಡಬಾರದೇ?" ಎಂದರೆ ಮಾತು ಮರೆಸಿ ಕಾಫಿ ತರಲು ಏಳುತ್ತಾರೆ.

ಈ ಸಲ ಆಯುಧಪೂಜೆಯ ಬೆಳಿಗ್ಗೆ ಹೊಸ ಡ್ರೈವರ್ ಇನ್‌ಸ್ಟಾಲ್ ಆಗಲು ಬಿಟ್ಟು ತಿಂಡಿಗೆ ಕೂತೆ. ಎದ್ದು ಬರುವಷ್ಟರಲ್ಲಿ ಕಂಪ್ಯೂಟರ್ ಆಫ್! ಮೈತುಂಬ ಅರಿಶಿನ ಕುಂಕುಮ, ನೆತ್ತಿಯ ಮೇಲೆ ಚೆಂಡುಹೂವು.

"ಅಯ್ಯೋ, ಅರ್ಧಕ್ಕೇ ನಿಲ್ಲಿಸ್ಬುಟ್ರಲ್ಲ ಅತ್ತೆ!"

"ಪೂಜೆಗಿಟ್ಟ ಆಯುಧದ ಕೈಲಿ ಕೆಲ್ಸ ಮಾಡಿಸ್ತಾರೇನೋ? ನಾಳೆವರೆಗೂ ಮುಟ್ಬೇಡ."

ವಿಜಯದಶಮಿಯ ದಿನ ಮುಟ್ಟಿದರೆ ಕಂಪ್ಯೂಟರ್ ಏಳಲೇ ಇಲ್ಲ. ಸಂಜೆಗೆ ಮಂಡಳಿಯ ಹಾಡು. ಕಂಪ್ಯೂಟರನ್ನು ಹೇಗೋ ಎಬ್ಬಿಸಿ, ಅರೆಬರೆ ಕೂತ ಡ್ರೈವರನ್ನು ಕಿತ್ತುಹಾಕುವಷ್ಟರಲ್ಲಿ ನನಗೂ ಸಾಕಾಗಿತ್ತು, ರೇಗಿಬಿಟ್ಟೆ: "ಎಲ್ಲರ ಮನೇಲೂ ಹಾಡಿನ ಪುಸ್ತಕ ಇದೆ. ಇವತ್ತೊಂದಿನ ಅದನ್ನೇ ನೋಡಿ ಹಾಡಲಿ!"

ಎಂದೂ ಸೋಲದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸರೋಜಂಗೆ ಕಣ್ಣು ಮಂಜಾಗಿದೆ ಕಣೋ. ಯಾರಿಗೂ ಹೇಳ್ಬೇಡ ಅಂದಿದ್ದಾಳೆ. ಅವಳೊಬ್ಬಳಿಗೇ ದೊಡ್ಡಕ್ಷರ ಕೊಟ್ರೆ ನಾಚ್ಕೊಂಡು ಹಾಡೋದೇ ಬಿಟ್ಬುಡ್ತಾಳೆ. ಅದಕ್ಕೇ ಎಲ್ರಿಗೂ. ಅಂಗಡಿಯವನು ಯಾಕಿಷ್ಟು ದೊಡ್ದು ಅಂತ ಕೇಳಿದ್ರೆ, ನಂಗೆ ಸುಳ್ಳು ಹೇಳೋಕೂ ಬರಲ್ಲ."

ಹೊಸದಾಗಿ ಡ್ರೈವರ್ ಹಾಕಿದೆ. ಪರೀಕ್ಷೆಗೆ ಒಂದು ಹಾಳೆ ಕೊಟ್ಟೆ. ದೇವರ ದಯೆ, ಪರದೆ ನೀಲಿಯಾಗಲಿಲ್ಲ. ಮುದಿ ಪ್ರಿಂಟರ್ ನರಳುತ್ತಾ ಹಾಳೆ ಎಳೆದುಕೊಂಡಿತು. ಹೊರಬಂದ ಅಕ್ಷರಗಳನ್ನು ತೋಳಳತೆಯಲ್ಲಿ ಹಿಡಿದು ನೋಡಿದೆ. ಮತ್ತೆ ಕಂಪ್ಯೂಟರ್ ಮುಂದೆ ಕೂತು ಇನ್ನಷ್ಟು ದೊಡ್ಡದು ಮಾಡಿದೆ.

"ಹಾಳೆಗೆ ಮೂರೇ ಸಾಲು ಬರುತ್ತೆ ಅತ್ತೆ. ಅವರಿಗೆ ಕಾಣ್ಸುತ್ತಾ?"