ಅಡ್ಡಬಿದ್ದ ಅಲಮಾರಿ

ಒಂದು ಕಟ್ಟಿಗೆ ಸಾಮಾನಿನಿಂದ ಹೆಂಡತಿಯನ್ನು ಗೆದ್ದು ತರುತ್ತೇನೆಂದು ಪಣ ತೊಟ್ಟ ಗಂಡಸು ಇಡೀ ಶಹಾಪುರ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು!

ನನ್ನಾಕೆ ಗೊಲ್ಲಾಳಮ್ಮ ಗುರುಮಠಕಲ್ಲಿನಲ್ಲಿ ಶಾಲೆಯ ಟೀಚರು. ನಾನು ಶಹಾಪುರದ ಹತ್ತಿರ ಕಾಲುವೆ ಕ್ಯಾಂಪಿನಲ್ಲಿ ಗುಮಾಸ್ತ. ಕೆಲಸ ಮುಗಿದು ಕಾಲುವೆಗೆ ನೀರು ಬಂತು, ಕ್ಯಾಂಪಿನಿಂದ ಜನ ಹರಿದುಹೋದರು. ಸಾಲು ಕ್ವಾರ್ಟರ್ಸುಗಳಲ್ಲಿ ಅಲ್ಲೊಂದು ಇಲ್ಲೊಂದು ದೀಪ. ಆಫೀಸಿನಿಂದ ಬಂದವನೇ ಬಾಗಿಲು ಹಾಕಿಕೊಂಡು, ರೇಡಿಯೋವನ್ನೇ "ಉಂಡೆಯೇನಪ್ಪಾ?" ಎಂದು ಕೇಳುವ ಹಂತ ಮುಟ್ಟಿದ್ದೆ!

"ಇಲ್ಲಿಗೇ ವರ್ಗಾ ಮಾಡಿಸ್ಕೋ" ಎಂದರೆ ಅವಳದು ಒಂದೇ ಮಾತು: "ಅದು ಮನೀನೋ, ಗೋದಾಮೋ? ಮನಿ ಆದ ದಿನ ಹೇಳ್ರಿ, ಅರ್ಜಿ ಹಾಕ್ತೀನಿ."

ಅಷ್ಟರಲ್ಲಿ ಅಧಿಕಾರಿಗಳ ಬಂಗಲೆಯ ಹಳೇ ಸಾಮಾನು ಹರಾಜಿಗೆ ಬಂತು. ಅದರಲ್ಲೊಂದು ಸಾಗವಾನಿ ಸೈಡ್‌ಬೋರ್ಡು! ಕಪ್ಪು-ಬಸಿ ಜೋಡಿಸಿಡಲು ಊಟದ ಕೋಣೆಯಲ್ಲಿ ಇಡುವಂಥದ್ದು. ಆಳುದ್ದ, ಸೊಂಟದೆತ್ತರ, ಅರವತ್ತರ ದಶಕದ್ದು. ಇಲಾಖೆ ಅದಕ್ಕೂ ನನಗೂ ಒಂದೇ ಗತಿ ಕಾಣಿಸಿತ್ತು: ಇಬ್ಬರನ್ನೂ ಸೈಡಿಗೆ ಹಾಕಿತ್ತು!

ಹರಾಜು ಕೂಗಿ ಮನೆಗೆ ತಂದೆ. ಅದರ ಮೈಮೇಲಿನ ಸರಕಾರಿ ಹಸಿರು ಬಣ್ಣವನ್ನು ಪದರು ಪದರಾಗಿ ಕೆರೆದೆ. ಉಜ್ಜಿದೆ. ಅಗಸಿ ಎಣ್ಣೆ ಕುಡಿಸಿದೆ. ಉಜ್ಜುತ್ತ ಅದರೊಡನೆ ಮಾತಾಡಿದೆ. ಬೇರೆ ಯಾರೊಡನೆ ಮಾತಾಡಲಿ? "ನಿನ್ನ ಮೈಮೇಲೆ ಹೂಬಳ್ಳಿ ಇಲ್ಲ, ಗಿಳಿ-ನವಿಲಿಲ್ಲ. ಸಾದಾ ಗೆರೆಯೇ ನಿನ್ನ ಸೊಗಸು. ಆ ಕಾಲದ ಡಿಸೈನು ಪರಂಪರೆಯ ಕುಡಿ ನೀನು!" ಎಂದು ಹೊಗಳಿದೆ. ಅದು ಓರೆಗಾಲು ಚಾಚಿಕೊಂಡು ಗಂಭೀರವಾಗಿ ಕೇಳಿಸಿಕೊಂಡಿತು. ಗೊಲ್ಲಾಳಮ್ಮ ತವರಿನಿಂದ ತಂದಿದ್ದ ಪಿಂಗಾಣಿ ಕಪ್ಪು-ಬಸಿಗಳನ್ನು ಅದರೊಳಗೆ ಜೋಡಿಸಿ, ಸರಿಯುವ ಬಾಗಿಲು ಎಳೆದೆ. ಆಹಾ! ಗೋದಾಮು ಹೋಗಿ ಅರಮನೆ ಆಗಿತ್ತು!

ಐತವಾರ ಅವಳು ಬರುವವಳು. ಪಕ್ಕದ ಮನೆಯ ಖಾಸಿಂಬೀ ಕೈಗೆ ಕೀಲಿ ಕೊಟ್ಟು, "ಹಾಲು ತಂದು ಒಳಗಿಡವಾ" ಎಂದು ಹೇಳಿ, ಶಹಾಪುರದ ಬಸ್‌ಸ್ಟ್ಯಾಂಡಿಗೆ ಓಡಿದೆ.

ಹೆಂಡತಿಯೊಂದಿಗೆ ತಿರುಗಿ ಬಂದು ನೋಡುತ್ತೇನೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ! ಒಳಗಿನಿಂದ "ಹಾಂ, ಎತ್ರಿ, ಇನ್ನೊಂಚೂರು!" ಎಂಬ ಕೂಗು. ಆಮೇಲೆ... ಝಣ್!

ನನ್ನ ಸೈಡ್‌ಬೋರ್ಡು ಒಂದು ಪಕ್ಕದ ಮೇಲೆ ನೆಟ್ಟಗೆ ನಿಂತಿತ್ತು! ನಾಲ್ಕು ಕಾಲೂ ಹಾಯಲು ಬಂದ ಹೋರಿಯ ಕೊಂಬಿನಂತೆ ನನ್ನತ್ತಲೇ ಚಾಚಿದ್ದವು. ಒಳಗಿನ ಪಿಂಗಾಣಿಯೆಲ್ಲ ಬುಡಕ್ಕೆ ಬಿದ್ದು ಪುಡಿ. ಪಕ್ಕದಲ್ಲಿ ಖಾಸಿಂಬೀಯ ಗಂಡ, ಕಾಲುವೆ ಗೇಟಿನ ರಾಜಾಸಾಬ, ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದ. ಅವನ ಹಿಂದೆ ಎತ್ತಲು ಬಂದಿದ್ದ ನೆರೆಯವರು.

"ಏನ್ ಮಾಡಿದ್ರಪಾ ಇದು!" ಎಂದು ಚೀರಿದೆ.

"ಅಲಮಾರಿ ಅಡ್ಡ ಬಿದ್ದಿತ್ತಲ್ರಿ ಸಾಹೇಬ್ರ" ಎಂದಳು ಖಾಸಿಂಬೀ. "ಕೊಣ್ಯಾಗ ಹಾಲು ಇಡಾಕ ಹೋದ್ರ ಪಾಪ, ಮಲಗೇ ಬಿಟ್ಟಿತ್ತು!"

"ಅದು ಮಲಗೋದೇ ಅದರ ಡಿಸೈನು! ಕಾಲು ಕಾಣಿಸಲಿಲ್ಲೇನು?"

"ಕಂಡ್ವು. ಸೊಟ್ಟ ಆಗಿದ್ದುವು. ಬಿದ್ದ ರಭಸಕ್ಕ ಸೊಟ್ಟ ಆಗ್ಯಾವ ಅಂದ್ಕೊಂಡೆ!"

ರಾಜಾಸಾಬ ಮೆಲ್ಲಗೆ ಹೇಳಿದ: "ಒಬ್ರೇ ಅದೀರಿ, ಎತ್ತಾಕ ಆಗಿಲ್ಲ ಅಂತ ತಿಳದಿವ್ರಿ. ಒಂದ್ ಮಾತು ಕರದಿದ್ರ ನಾವು ಬರ್ತಿದ್ದಿಲ್ಲೇನ್ರಿ?"

ಆ ಮನೆಗೆ ನಾನು ಯಾರನ್ನೂ ಎಂದೂ ಕರೆದಿರಲಿಲ್ಲ.

ಗೊಲ್ಲಾಳಮ್ಮ ಸೆರಗು ಬಾಯಿಗೆ ಹಿಡಿದಳು. ಅಳುತ್ತಾಳೆಂದು ಹೆದರಿದೆ. ನಗುತ್ತಿದ್ದಳು! "ಯಣ್ಣಾ, ಮೊದಲು ಅದನ್ನ ಮಲಗಸ್ರಿ. ಖಾಸಿಂಬೀ, ಛಾಕ್ಕ ಇಡು."

"ಕಪ್ಪು ಎಲ್ಲಿ ಅವ ಅಕ್ಕೋರ?"

"ಸ್ಟೀಲಿನ ಲೋಟ ಅದಾವಲ್ಲ!"

ಮನೆಯಲ್ಲಿದ್ದುದು ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು, ಉಳಿದವರೆಲ್ಲ ಬಿಸಿ ಲೋಟ ಹಿಡಿದು ನನ್ನ ಡಿಸೈನು ಪರಂಪರೆಯ ಮೇಲೆ ಸಾಲಾಗಿ ಕುಳಿತರು. ಪರಂಪರೆ ಒಮ್ಮೆ ಕಿರ್ರ್ ಎಂದು ಸುಮ್ಮನಾಯಿತು.

ಸಂಜೆ ಅವಳ ಬಸ್ಸು ಹೊರಟಾಗ ಕಿಟಕಿಯಲ್ಲಿ ಇಣುಕಿ, ಹಲ್ಲುಗಿಂಜುತ್ತ ಕೇಳಿದೆ: "ಮನಿ ಆತೇನು?"

"ಇವತ್ತ ಒಂದೀಟು ಆಗಿತ್ತು. ಅರ್ಜಿ ಹಾಕ್ತೀನಿ" ಎಂದಳು ಗೊಲ್ಲಾಳಮ್ಮ. "ನಾ ಬರೂತನಕ ಆ ಅಲಮಾರಿ ಮಲಗಿರಲಿ. ನೀವು ಎದ್ದು ನಾಕು ಮನಿ ಅಡ್ಡಾಡ್ರಿ!"