ವೀರಗಲ್ಲಿಗೆ ಎರಡು ಕೋಟಿಂಗ್

ಹನುಮಂತಯ್ಯನವರಿಗೆ ಐಡಿಯಾ ಬರುವುದು ಅಪರೂಪ. ಬಂತೆಂದರೆ ಮಾತ್ರ ಮನೆಮಂದಿಯೆಲ್ಲ ಹುಷಾರಾಗಿರಬೇಕು. (ಇದು ನನ್ನ ಮಾತಲ್ಲ, ಅವರ ಧರ್ಮಪತ್ನಿ ಮುನಿಯಕ್ಕನದು. ಅವರ ಮನೆಯ ಕಾಫಿ ಕುಡಿದ ನಾನು ಅಂಥ ಮಾತು ಆಡಬಾರದು.)

ಪೀಣ್ಯದ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದು, ಫೋರ್‌ಮನ್ನಾಗಿ ರಿಟೈರ್ ಆದವರು. ಚಿಕ್ಕಬಾಣಾವರದ ಆಚೆಗಿನ ಅವರ ಹಳ್ಳಿಯನ್ನು ಲೇಔಟುಗಳು ಮೂರು ದಿಕ್ಕಿನಿಂದ ನುಂಗಿವೆ. ಉಳಿದಿರುವುದು ಒಂದು ಬೀದಿ, ಒಂದು ಹೊಂಗೆಮರ, ಮರದ ಬುಡದಲ್ಲಿ ಒಂದು ವೀರಗಲ್ಲು. ಕಲ್ಲಿನಲ್ಲಿ ಕತ್ತಿ ಹಿರಿದ ವೀರ, ಅವನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಇಬ್ಬರು ಅಪ್ಸರೆಯರು, ಕೆಳಗೆ ಏನೋ ಗೀರು.

ಪಕ್ಕದ ಅಪಾರ್ಟ್‌ಮೆಂಟಿನ ಸಿದ್ದರಾಮಪ್ಪನವರು, ದಾವಣಗೆರೆ ಕಡೆಯ ರಿಟೈರ್ಡ್ ಮೇಷ್ಟ್ರು, ಒಂದು ದಿನ ವಾಕಿಂಗ್ ಬಂದವರು ಆ ಕಲ್ಲಿನ ಮುಂದೆ ನಿಂತೇಬಿಟ್ಟರು.

“ಹನುಮಂತಯ್ಯನೋರೆ, ಭಾನುವಾರ ನಮ್ಮ ಅಪಾರ್ಟ್‌ಮೆಂಟಿನೋರು ಇಪ್ಪತ್ತು ಮಂದಿ ನೋಡಾಕ ಬರ್ತೀವಿ. ನೀವೇ ಗೈಡ್ ಆಗ್ಬೇಕ್ ನೋಡ್ರಿ.”

ಗೈಡ್! ಆ ಪದ ಬಿದ್ದ ಮೇಲೆ ಹನುಮಂತಯ್ಯನವರ ಕಿವಿ ಬಂದ್ ಆಯಿತು. ಆ ಗೀರೆಲ್ಲ ಶಾಸನ, ಓದಿದರೆ ಊರಿನ ವಯಸ್ಸು ತಿಳಿಯುತ್ತದೆ ಎಂದು ಮೇಷ್ಟ್ರು ಕಾಲು ಗಂಟೆ ಕೊರೆದದ್ದು ಒಂದಕ್ಷರವೂ ಒಳಗೆ ಇಳಿಯಲಿಲ್ಲ.

“ಗೈಡ್ ಅಂದ್ರೆ ಬಾಯಿ ಕೆಲಸ ತಾನೆ? ಬೇಕಾದಷ್ಟು ಮಾತಾಡಿ,” ಎಂದಳು ಸುದ್ದಿ ಕೇಳಿದ ಮುನಿಯಕ್ಕ. “ಕಲ್ಲು ಮಾತ್ರ ಮುಟ್ಬೇಡಿ.”

“ನಾನ್ಯಾಕೆ ಮುಟ್ಲಿ?”

ಶನಿವಾರ ಅವಳು ಅತ್ತಿಬೆಲೆಯ ತಂಗಿ ಅಂಜನಮ್ಮನ ಮನೆಗೆ ಹೊರಟಳು. ಬಸ್ಸು ತಿರುವು ದಾಟಿತೋ ಇಲ್ಲವೋ, ಹನುಮಂತಯ್ಯನವರು ಬ್ರಶ್ ಹಿಡಿದು ಕಲ್ಲಿನ ಮುಂದೆ ಕೂತರು. ಇಷ್ಟು ಜನ ಬರುವಾಗ ಕಲ್ಲು ಕರ್ರಗೆ ಕೂತಿದ್ದರೆ ಹೇಗೆ? ವೀರನಿಗೆ ಬಂಗಾರದ ಬಣ್ಣ, ಅಪ್ಸರೆಯರಿಗೆ ಆಕಾಶನೀಲಿ, ಹಿನ್ನೆಲೆಗೆ ಚಾಕಲೇಟು. ಎಲ್ಲದಕ್ಕೂ ಎರಡೆರಡು ಕೋಟಿಂಗ್. ಕೆಳಗಿನ ಗೀರುಗಳನ್ನಂತೂ ಕಣ್ಣಿಗೆ ಬೀಳದ ಹಾಗೆ ದಪ್ಪಗೆ ಮುಚ್ಚಿದರು. ಗೀರು ಕಂಡರೆ ಇನ್‌ಸ್ಪೆಕ್ಷನ್‌ನಲ್ಲಿ ಮಾಲು ಪಾಸಾಗುವುದಿಲ್ಲ ನೋಡಿ.

ಭಾನುವಾರ ಬೆಳಿಗ್ಗೆ ಇಪ್ಪತ್ತು ಮಂದಿ ಬಂದರು. ಮೇಷ್ಟ್ರು ಕಲ್ಲನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಅಕ್ಷರ ಎಲ್ಲಿ ಹೋದುವ್ರಿ?”

“ಯಾವ ಅಕ್ಷರ ಸಾರ್? ಆ ಗೀರಾ? ಎಲ್ಲಾ ಫಿನಿಶ್ ಮಾಡ್ಬಿಟ್ಟೆ.”

ಮೇಷ್ಟ್ರು ಮೆಲ್ಲಗೆ ಹೇಳಿದರು: “ಸಾವಿರ ವರ್ಷದ ಬರಹ ಅದು. ತಿನ್ನರ್ ಹಾಕಿ ತಿಕ್ಕಿದ್ರೆ ಇರೋದೂ ಸವೆದು ಹೋಗ್ತತಿ. ಇನ್ನು ಓದಾಕ ಆಗಂಗಿಲ್ಲ ಬಿಡ್ರಿ.”

ಅಪ್ಪ, ಅಜ್ಜ, ಮುತ್ತಜ್ಜ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಅಳಿಸಿಹಾಕಿದೆನಲ್ಲ ಎಂದು ಹನುಮಂತಯ್ಯನವರು ಹಣೆ ಚಚ್ಚಿಕೊಂಡರು. ಕಣ್ಣಲ್ಲಿ ನೀರೇ ಬಂತು. ಸರಿಯಾಗಿ ಅದೇ ಹೊತ್ತಿಗೆ ಮುನಿಯಕ್ಕ ಬ್ಯಾಗು ಹಿಡಿದು ಬೀದಿಯ ಕೊನೆಯಲ್ಲಿ ಕಾಣಿಸಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಪಾಪ.

ಅವಳು ಬೈಯಲಿಲ್ಲ. ಬ್ಯಾಗು ಕೆಳಗಿಟ್ಟು, ಕಲ್ಲಿನ ಅಂಚಿಗೆ ಉಗುರು ಹಾಕಿ ಎಳೆದಳು. ಚಾಕಲೇಟು ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು.

“ನಮ್ಮತ್ತೆ ಕಾಲದಿಂದ ಸೋಮ್ವಾರ ಸೋಮ್ವಾರ ಅರಳೆಣ್ಣೆ ಉಯ್ತಾ ಇದೀವಿ ಈ ಸಾಮಿಗೆ,” ಎಂದಳು. “ಆ ಜಿಡ್ಡಿನ್ ಮೇಲೆ ಯಾವ್ ಬಣ್ಣ ಇಡಿತದೆ?”

ಆಮೇಲೆ ಕೇಳಬೇಕೇ! ಇಪ್ಪತ್ತು ಮಂದಿಯೂ ಸುಲಿಯಲು ಕೂತರು. ಮೇಷ್ಟ್ರ ಸೊಸೆ ರಕ್ಷಿತಾಳ ಕೈಗೆ ವೀರನ ಬಂಗಾರದ ಮೀಸೆ ಇಡಿಯಾಗಿ ಬಂತು. ಬಣ್ಣದ ಜೊತೆ ಹಳೆಯ ಧೂಳೂ ಕಿತ್ತು ಬಂದು, ಅರ್ಧ ಗಂಟೆಯಲ್ಲಿ ಕಲ್ಲು ಮೊದಲಿಗಿಂತ ಕರ್ರಗೆ, ಅಕ್ಷರಗಳು ಮೊದಲಿಗಿಂತ ಸ್ಪಷ್ಟವಾಗಿ ಕಂಡವು. ಮೇಷ್ಟ್ರು ಮಂಡಿಯೂರಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಎರಡನೇ ಸಾಲಿನಲ್ಲಿ ಇದೇ ಊರಿನ ಹೆಸರು! ಹನುಮಂತಯ್ಯನವರು ಹೋದ ಜೀವ ಬಂದ ಹಾಗೆ ನಿಟ್ಟುಸಿರು ಬಿಟ್ಟು, ಕಲ್ಲಿಗೂ ಹೆಂಡತಿಗೂ ಸೇರಿಸಿ ಒಂದೇ ಸಲ ಕೈ ಮುಗಿದರು.

“ಅಲ್ರೀ,” ಎಂದರು ಮೇಷ್ಟ್ರು, ಏನೂ ಅರಿಯದವರಂತೆ. “ಪೇಂಟ್ ಶಾಪಿನಾಗ ಜಿಡ್ಡು ತೆಗೀದೇ ಬಣ್ಣ ಹೊಡೀತಾರೇನು?”

ಇದೇ ತಪ್ಪಿಗೆ ಎಷ್ಟೋ ಹುಡುಗರನ್ನು ಅರ್ಧ ದಿನಕ್ಕೇ ಮನೆಗೆ ಕಳಿಸಿದ್ದ ಫೋರ್‌ಮನ್ ತಲೆ ಕೆರೆದುಕೊಂಡರು. ಆದರೂ ಅಕ್ಷರ ಉಳಿದ ಸಮಾಧಾನಕ್ಕೆ ನಗು ತಡೆಯಲಾಗಲಿಲ್ಲ. “ಸಾರ್, ಮೂವತ್ತೊಂದು ವರ್ಷದಲ್ಲಿ ನಾನು ಹೊಡೆದ ಬಣ್ಣ ಕಿತ್ತು ಬಂದಿದ್ದು ಇದೇ ಫಸ್ಟು. ದೇವ್ರು ದೊಡ್ಡೋನು.”

“ಇದೇ ಫಸ್ಟಾ?” ಎಂದಳು ಮುನಿಯಕ್ಕ, ಸೆರಗು ಸಿಕ್ಕಿಸಿಕೊಂಡು. “ಬನ್ನಿ ಸಾರ್, ನಮ್ ಅಡುಗೆಮನೆ ಬಾಗ್ಲು ತೋರಿಸ್ತೀನಿ.”

ಇಪ್ಪತ್ತು ಮಂದಿಯೂ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಮೊಬೈಲು ಹಿಡಿದು, ಹೊಸ ಗೈಡಿನ ಹಿಂದೆ ಸಾಲಾಗಿ ಒಳಗೆ ನಡೆದರು.