ಅನುಮಾನದ ಊರಿಗೆ ಬಂದ ಕಾನೂನು

ನಮ್ಮ ಶಾಲೆಯಲ್ಲಿ ಮುಂದೆ ಹೇಳುವಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಆಗದೆ ಒಂದು ವಾರ ಕಳೆದರೆ ನನಗೇ ಗುಮಾನಿ ಶುರುವಾಗುತ್ತದೆ, ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಅಂತ.

ಹುಲಿಕೆರೆ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕಿ. ಮುಖ್ಯ ಅಂದರೆ ಕೈಕೆಳಗೆ ಬಹಳ ಜನ ಇದ್ದಾರೆ ಅಂತಲ್ಲ. ನಾನು, ಇನ್ನೊಬ್ಬ ಮೇಷ್ಟ್ರು, ಅಷ್ಟೆ. ಮನೆ ಹಳೇಬೀಡಿನಲ್ಲಿ. ಬೆಳಿಗ್ಗೆ ಸ್ಕೂಟರ್ ಹತ್ತಿ ಹೊರಟರೆ ಎದುರಿಗೆ ಪೇಟೆಯ ಕಾನ್ವೆಂಟಿನ ಹಳದಿ ವ್ಯಾನು ಬರುತ್ತದೆ. ನಾನು ಊರಿನ ಮಕ್ಕಳಿಗೆ ಪಾಠ ಹೇಳಲು ಊರಿಗೆ ಹೋಗುತ್ತೇನೆ, ಊರಿನ ಮಕ್ಕಳು ಪಾಠ ಕಲಿಯಲು ಪೇಟೆಗೆ ಬರುತ್ತಾರೆ. ವ್ಯಾನಿನ ಡ್ರೈವರು ನನ್ನನ್ನು ನೋಡಿ ದಿನಾ ನಗುತ್ತಾನೆ. ಅದು ನಮಸ್ಕಾರದ ನಗುವೋ ಬೇರೆಯದೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಕ್ಕಳು ಇನ್ನೂ ಕಮ್ಮಿಯಾದರೆ ನಮ್ಮ ಶಾಲೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನ ಮಾಡುತ್ತಾರಂತೆ. ವಿಲೀನ ಅನ್ನುವುದು ಇಲಾಖೆಯ ಮಾತು. ಊರಿನವರು ಅದಕ್ಕೆ ಬೀಗ ಅನ್ನುತ್ತಾರೆ. ಹಾಗಾಗಿ ಇರುವ ಒಂದೊಂದು ಮಗುವನ್ನೂ ಹಿಡಿದಿಟ್ಟುಕೊಳ್ಳುವುದೇ ನನ್ನ ದೊಡ್ಡ ಕೆಲಸವಾಗಿದೆ. ನನ್ನ ಬೆನ್ನಿಗಿರುವುದು ಶಿಕ್ಷಣ ಹಕ್ಕಿನ ಕಾಯ್ದೆ. ಒಳ್ಳೆಯ ಕಾಯ್ದೆ, ಮಕ್ಕಳ ಪರವಾದದ್ದು. ಕಷ್ಟ ಏನೆಂದರೆ, ಒಳ್ಳೆಯದು ಅಂತ ಯಾರಾದರೂ ಹೇಳಿದ ಕೂಡಲೇ ನಮ್ಮೂರಿನವರು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಾರೆ.

ಕೋಲು ತಂದ ಅಜ್ಜಿ

ಎರಡನೇ ತರಗತಿಯ ಹುಡುಗನೊಬ್ಬನ ಅಜ್ಜಿ ಒಂದು ದಿನ ಉದ್ದನೆಯ ಹುಣಿಸೆ ಬರಲನ್ನು ಹಿಡಿದುಕೊಂಡು ಬಂದು, ಅದನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಇಕ್ಕಳಿ ಟೀಚರಮ್ಮ. ನಿಮ್ತಾವ ಕೋಲೇ ಇಲ್ಲ ಅಂತ ನಮ್ ಹುಡ್ಗ ಅಂದ. ಅದ್ಕೇ ನಾನೇ ಮುರ್ಕೊಂಡು ಬಂದೆ."

"ಅಜ್ಜಿ, ಮಕ್ಕಳಿಗೆ ಹೊಡೆಯೋ ಹಾಗಿಲ್ಲ. ಕಾನೂನು ಬಂದಿದೆ."

"ಯಾರು ಮಾಡಿದ್ದು?"

"ಸರ್ಕಾರ."

"ಸರ್ಕಾರಕ್ಕೆ ಮೊಮ್ಮಕ್ಳು ಇಲ್ವಾ?"

ಇದಕ್ಕೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ. ಅಜ್ಜಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ದಿಟ ಹೇಳ್ರವ್ವ. ಇವನ ಮ್ಯಾಲೆ ಆಸೆ ಬಿಟ್ಬುಟ್ಟಿದೀರಾ? ಇವ್ರಪ್ಪನ್ನ ಮೇಷ್ಟ್ರು ದಿನಾ ಬಡಿಯೋರು. ಅಷ್ಟು ಇಷ್ಟ ಇತ್ತು ಅವ್ರಿಗೆ. ನಿಮ್ಗಾಗಲ್ಲ ಅಂದ್ರೆ ಹೇಳಿ, ನಾಳೆಯಿಂದ ವ್ಯಾನಿಗೆ ಹತ್ತುಸ್ತೀನಿ. ಅಲ್ಲಿ ಬಯ್ಯೋದಾದ್ರೂ ಬಯ್ತಾರಂತೆ, ಅದೂ ಇಂಗ್ಲೀಷಲ್ಲಿ."

ವ್ಯಾನು ಅಂದ ಕೂಡಲೇ ನಾನು ಬರಲನ್ನು ಪಕ್ಕಕ್ಕೆ ಸರಿಸಿದೆ. ಒಂದು ಮಗು ಹೋದರೂ ನಮಗೆ ನಷ್ಟ.

"ಅಜ್ಜಿ, ಅಷ್ಟು ಹೊಡೆಸಿಕೊಂಡ ನಿಮ್ಮ ಮಗ ಎಷ್ಟು ಓದಿದ?"

"ಮೂರ್ನೇ ಕ್ಲಾಸಿಗೇ ಓಡೋದ."

"ಮತ್ತೆ ಕೋಲಿನಿಂದ ಏನು ಬಂತು?"

ಅಜ್ಜಿ ಹೆಮ್ಮೆಯಿಂದ ಹೇಳಿದರು: "ಏನ್ ಬಂತು ಅಂದ್ರೆ? ಈವತ್ತಿಗೂ ಈ ಊರಲ್ಲಿ ಅವ್ನಷ್ಟು ಜೋರಾಗಿ ಓಡೋರು ಯಾರವ್ರೆ ತೋರ್ಸಿ!"

ಪಾಸು ಮಾಡಿದ ತಪ್ಪು

ಮಕ್ಕಳು ಫೇಲಾದರೆ ತಂದೆತಾಯಿ ಜಗಳಕ್ಕೆ ಬರುವುದುಂಟು. ನನ್ನ ಹತ್ತಿರ ಪಾಸಾದದ್ದಕ್ಕೆ ಜಗಳಕ್ಕೆ ಬಂದವರು ಒಬ್ಬ ತಾತ. ಮೊಮ್ಮಗ ಮೂರನೇ ತರಗತಿ ಮುಗಿಸಿದ್ದ.

"ನಮ್ ಹುಡ್ಗ ಪಾಸಂತೆ?"

"ಹೌದು ತಾತ."

"ಅದೆಂಗೆ? ನಿನ್ನೆ ರಾತ್ರಿ ಅಂಗ್ಡಿ ಬೋರ್ಡು ಓದ್ಲಾ ಅಂದೆ, 'ತಾತ, ಕತ್ಲು' ಅಂದ. ಬೆಳಿಗ್ಗೆ ಕರ್ಕೊಂಡೋಗಿ ನಿಲ್ಸಿದೆ, 'ಬಿಸ್ಲು ಕಣ್ಗೆ ಹೊಡೀತೈತೆ' ಅಂದ. ಯಾರ್ ಹೇಳಿ ಪಾಸ್ ಮಾಡ್ಸಿದ್ದು? ನಮ್ ಮಗ ಬಂದಿದ್ನಾ? ಏನ್ ಕೊಟ್ಟ?"

ಯಾರೂ ಏನೂ ಕೊಟ್ಟಿಲ್ಲ, ಇಷ್ಟು ಸಣ್ಣ ಮಕ್ಕಳನ್ನು ಫೇಲ್ ಮಾಡುವ ಹಾಗಿಲ್ಲ ಅಂತ ಕಾನೂನೇ ಇದೆ ಅಂದೆ. ಒಳಗೊಳಗೇ ನಾಚಿಕೆಯಾಯಿತು. ಫೇಲ್ ಮಾಡಬೇಡಿ ಅಂದ ಕಾಯ್ದೆಯೇ ಕಲಿಸಿ ಅಂತಲೂ ಅಂದಿದೆ. ಮೊದಲನೆಯದನ್ನು ಪಾಲಿಸುವುದು ಬಹಳ ಸುಲಭ. ಆ ಹುಡುಗನನ್ನು ಅವತ್ತಿನಿಂದ ಸಂಜೆ ಉಳಿಸಿಕೊಂಡು ಓದಿಸಿದೆ. ಈಗ ಕತ್ತಲಲ್ಲೂ ಬಿಸಿಲಲ್ಲೂ ಓದುತ್ತಾನೆ. ಆದರೆ ಅವತ್ತು ತಾತನ ಚಿಂತೆಯೇ ಬೇರೆ ಕಡೆ ತಿರುಗಿತ್ತು.

"ಯಾರ್ನೂ ಫೇಲ್ ಮಾಡಂಗಿಲ್ವಾ?"

"ಯಾರನ್ನೂ ಇಲ್ಲ."

"ನಮ್ ಪಕ್ಕದ್ ಮನೆ ಹುಡ್ಗ?"

"ಅವನೂ ಪಾಸು."

ಆ ಮನೆಗೂ ತಾತನ ಮನೆಗೂ ಬೇಲಿಯ ವ್ಯಾಜ್ಯವಿದೆ.

"ಹಂಗೆಲ್ಲ ಮಾಡ್ಬಾರ್ದು ಕಣಮ್ಮ," ಅಂದರು. "ಕಾನೂನು ನಮ್ ಹುಡ್ಗಂಗೆ ಇರ್ಲಿ. ಅವ್ನಿಗೆ ಮಾತ್ರ ತೆಗ್ದಾಕಿ."

ಇಂಟರ್‌ವ್ಯೂ

ನಮ್ಮೂರಿನ ಒಬ್ಬರು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಒಂದೊಂದು ಕಾಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿಯೇ ತೆಗೆದುಕೊಳ್ಳುವ ಮನುಷ್ಯ. ಅವರ ಮಗಳು ಒಂದನೇ ತರಗತಿಯ ವಯಸ್ಸಿಗೆ ಬಂದಿದ್ದಳು. ಅವಳನ್ನು ಹೇಗಾದರೂ ನಮ್ಮಲ್ಲಿಗೇ ಸೇರಿಸಿಕೊಳ್ಳಬೇಕು ಅಂತ ನಾನು ಮನೆಗೇ ಹೋಗಿ ಕರೆದಿದ್ದೆ. ಅದೇ ತಪ್ಪಾಯಿತು. ಕರೆದು ಕೊಡುವ ಸರಕನ್ನು ಅವರು ಯಾವತ್ತೂ ಕೊಂಡವರಲ್ಲ.

ಮಾರನೆಯ ದಿನ ಮಗಳ ಕೈ ಹಿಡಿದುಕೊಂಡು ಬಂದರು. ನಾನು ಮಗುವಿನ ಹೆಸರು ಕೇಳಿ, ವಯಸ್ಸಿನ ದಾಖಲೆ ನೋಡಿ, "ಆಯ್ತು, ನಾಳೆಯಿಂದ ಕಳಿಸಿ" ಅಂದೆ.

"ಆಯ್ತಾ? ಏನೂ ಕೇಳಲ್ವಾ ಮೇಡಂ?"

"ಏನು ಕೇಳೋದು?"

"ಪರೀಕ್ಷೆ? ಇಂಟರ್‌ವ್ಯೂ? ಪೇಟೆ ಸ್ಕೂಲಲ್ಲಿ ನನ್ನೂ ನಮ್ ಮನೆಯವ್ರನ್ನೂ ಕೂರಿಸ್ಕೊಂಡು ಕೇಳ್ತಾರಂತೆ. ನಾನು ಹೊಸ ಷರ್ಟು ಹಾಕ್ಕೊಂಡು ಬಂದಿದೀನಿ."

ಸೇರಿಸಿಕೊಳ್ಳಲು ಮಗುವಿಗೂ ಪರೀಕ್ಷೆ ಮಾಡುವಂತಿಲ್ಲ, ತಂದೆತಾಯಿಗೂ ಮಾಡುವಂತಿಲ್ಲ, ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಬಂದ ಮಗುವನ್ನು ಸೇರಿಸಿಕೊಳ್ಳಲೇಬೇಕು ಅಂದೆ. ಅವರ ಮುಖ ಸಣ್ಣದಾಯಿತು.

"ಬಂದೋರ್ನೆಲ್ಲ ಸೇರಿಸ್ಕೊಳ್ಳೋ ಸ್ಕೂಲು ಅದೆಂಥ ಸ್ಕೂಲು ಮೇಡಂ? ನನ್ ಅಂಗಡೀಲಿ ನಾನೂ ಬಂದ ಕಾಯ್ನೆಲ್ಲ ತಗೊಳಲ್ಲ."

ಮಗಳ ಕೈ ಹಿಡಿದು ಎದ್ದೇ ಬಿಟ್ಟರು. ಹೊರಗೆ ವ್ಯಾನಿನ ಹಾರನ್ನು ಕೇಳಿದ ಹಾಗಾಯಿತು ನನಗೆ. ತಟ್ಟನೆ ಒಂದು ಮಾತು ಹೊಳೆಯಿತು.

"ನಾನು ನಿಮ್ಮನ್ನು ಪರೀಕ್ಷೆ ಮಾಡಬಾರದು ಅಂತಿದೆ. ನೀವು ನನ್ನನ್ನು ಮಾಡಬಾರದು ಅಂತ ಎಲ್ಲೂ ಇಲ್ಲ. ಕೇಳಿ."

ಅವರು ಕೂತರು. ಕೂತು ಕೇಳಿದರು ನೋಡಿ! ಎಷ್ಟು ವರ್ಷ ಸರ್ವೀಸು? ಟ್ರಾನ್ಸ್‌ಫರ್ ಕೇಳಿದೀರಾ? ಮಧ್ಯಾಹ್ನ ನಿದ್ದೆ ಬರುತ್ತಾ? ಮೊಬೈಲು ಕ್ಲಾಸಿನ ಒಳಗಿರುತ್ತಾ ಹೊರಗಿರುತ್ತಾ? ನಿಮ್ಮ ಮಕ್ಕಳು ಯಾವ ಸ್ಕೂಲಲ್ಲಿ ಓದಿದ್ದು? ಈ ಕೊನೆಯದಕ್ಕೆ "ಸರ್ಕಾರಿ ಶಾಲೆಯಲ್ಲೇ" ಅಂದೆ. "ಯಾವ ಊರಲ್ಲಿ, ಮೇಷ್ಟ್ರು ಯಾರು?" ಅಂತ ಅಡ್ಡ ಪ್ರಶ್ನೆ ಬೇರೆ. ಈ ಕೆಲಸಕ್ಕೆ ಸೇರುವಾಗಲೂ ನಾನು ಅಷ್ಟು ಬೆವರಿರಲಿಲ್ಲ.

ಎಲ್ಲ ಮುಗಿದ ಮೇಲೆ ಎದ್ದು ಕೈಮುಗಿದರು.

"ಪರವಾಗಿಲ್ಲ ಮೇಡಂ, ಚೆನ್ನಾಗ್ ಹೇಳಿದ್ರಿ. ನಾಳೆ ತಿಳಿಸ್ತೀನಿ. ಇನ್ನೂ ಇಬ್ರನ್ನ ನೋಡೋದೈತೆ."

ಮೇಡಂ ಇನ್ನೂ ಹುಷಾರಾಗಿದ್ದಾರೆ

ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಹೆಚ್ಚಿನವರು ಮಕ್ಕಳ ತಂದೆತಾಯಿಯೇ ಆಗಿರಬೇಕು, ಅರ್ಧ ಹೆಂಗಸರಿರಬೇಕು ಅಂತ ಕಾಯ್ದೆ. ನಮ್ಮಲ್ಲಿ ಹೆಂಗಸರು ಆಯ್ಕೆಯಾಗುತ್ತಿದ್ದರು, ಸಭೆಗೆ ಅವರ ಗಂಡಂದಿರು ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಹೊಸ ಅಧ್ಯಕ್ಷೆ ಆಯ್ಕೆಯಾದಾಗ ನಾನು ಹಟ ಹಿಡಿದೆ. "ಅಧ್ಯಕ್ಷೆಯೇ ಬರಬೇಕು, ಅವರೇ ಶಾಲೆಯನ್ನು ನೋಡಿಕೊಳ್ಳಬೇಕು." ಬಂದರು. ಬಂದವರು ಹೋಗಲೇ ಇಲ್ಲ.

ರಾಗಿ ಹೊಲ, ಎರಡು ಎಮ್ಮೆ, ಅತ್ತೆ ಮಾವ ಎಲ್ಲವನ್ನೂ ಒಬ್ಬರೇ ಸಂಭಾಳಿಸುವ ಹೆಂಗಸು. ಯಾವುದನ್ನೂ, ಯಾರನ್ನೂ ನಂಬುವುದಿಲ್ಲ. ಬೇಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ಮೂಸಿದರು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವಿದೆ. ಅದನ್ನು ನಾನೇ ಅವರಿಗೆ ಹೇಳಿಕೊಟ್ಟಿದ್ದು. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಮೊದಲ ದಿನ ನಾನು ಒಂದು ಚಮಚ ಸಾರು ಬಾಯಿಗೆ ಹಾಕಿಕೊಂಡು "ಚೆನ್ನಾಗಿದೆ, ಬಡಿಸಿ" ಅಂದೆ.

"ತಡೀರಿ," ಅಂದರು ಅಧ್ಯಕ್ಷೆ. "ರುಚಿ ಗೊತ್ತಾಗೋಕೆ ನಾಲ್ಗೆ ಸಾಕು. ಮಿಕ್ಕಿದ್ದು ಗೊತ್ತಾಗೋಕೆ ಟೈಮ್ ಬೇಕು. ಒಂದು ತಟ್ಟೆ ಪೂರ್ತಿ ಉಣ್ಣಿ. ಉಂಡು ಇಲ್ಲೇ ಕೂತ್ಕಳಿ."

ಕೂತೆ. ಅವರು ಎದುರಿಗೆ ಕೂತು ನನ್ನ ಮುಖವನ್ನೇ ನೋಡತೊಡಗಿದರು. ಒಮ್ಮೆ ಆಕಳಿಸಿದೆ, "ಏನಾಯ್ತು?" ಅಂದರು. ಒಮ್ಮೆ ಕೆಮ್ಮಿದೆ, ಅಡುಗೆಯಾಕೆ ಸೌಟು ಕೆಳಗಿಟ್ಟು ದೇವರಿಗೆ ಕೈಮುಗಿದಳು. ಮಕ್ಕಳು ಸಾಲಾಗಿ ನಿಂತು ಕಿಟಕಿಯಲ್ಲಿ ಇಣುಕುತ್ತಿದ್ದರು. ಅವತ್ತು ಊಟವಾದ ಮೇಲೆ ನಾಲ್ಕನೇ ತರಗತಿಗೆ ಗಣಿತದ ಪರೀಕ್ಷೆ ಇಟ್ಟಿದ್ದೆ. ಹಿಂದೆ ನಿಂತವರು ಮುಂದಿನವನನ್ನು ಕೇಳುತ್ತಿದ್ದರು, "ಏನಾಯ್ತೋ? ಏನಾಯ್ತೋ?"

ಆ ಹುಡುಗ ನನ್ನನ್ನು ಇನ್ನೊಮ್ಮೆ ಚೆನ್ನಾಗಿ ನೋಡಿ, ಬಹಳ ಬೇಜಾರಿನಿಂದ ಹೇಳಿದ: "ಇಲ್ಲ ಕಣ್ರೋ. ಹುಷಾರಾಗೇ ಅವ್ರೆ."

ಚಾಕೊಲೇಟು ತಂದ ಸಾಹೇಬರು

ಇದು ಈ ವರ್ಷದ್ದು.

ಹೇಳದೆ ಕೇಳದೆ ಒಂದು ಜೀಪು ಬಂತು. ಮೇಲಿನ ಕಚೇರಿಯ ಸಾಹೇಬರು ಇಳಿದರು. ಈ ಕಡೆಗೆ ಹೊಸಬರು, ನಾನು ಅವರನ್ನು ಅಲ್ಲಿಯವರೆಗೆ ಕಂಡವಳಲ್ಲ. ಡ್ರೈವರು ಅವರನ್ನು ಇಳಿಸಿ, ಹುಲಿಕೆರೆಯ ಕೊಳ ನೋಡಿಕೊಂಡು ಬರುತ್ತೇನೆಂದು ಹೊರಟುಹೋದ. ನಮ್ಮ ಹಾಜರಿಯಲ್ಲಿರುವ ಮಕ್ಕಳು ನಿಜವಾಗಿ ಇದ್ದಾರೋ ಇಲ್ಲವೋ ನೋಡಿ, ಶಾಲೆ ಉಳಿಯಬೇಕೋ ವಿಲೀನವಾಗಬೇಕೋ ಅಂತ ಅವರು ಬರೆಯಬೇಕಿತ್ತು. ಎಣಿಕೆಯ ದಿನ ಬೇರೆ ಊರಿನಿಂದ ಮಕ್ಕಳನ್ನು ಕರೆತಂದು ಕೂರಿಸುತ್ತಾರೆ ಅಂತ ಯಾರೋ ಅವರ ಕಿವಿ ಕಚ್ಚಿದ್ದರು.

ಅವತ್ತು ಮೊಟ್ಟೆ ಕೊಡುವ ದಿನ. ಹಾಗಾಗಿ ಎಲ್ಲ ಮಕ್ಕಳೂ ಬಂದಿದ್ದರು.

"ಒಬ್ರೂ ಗೈರಿಲ್ವಾ?" ಅಂದರು ಸಾಹೇಬರು.

"ಇಲ್ಲ ಸರ್."

"ಜ್ವರ, ಗಿರ?"

"ಇಲ್ಲ ಸರ್."

"ಅದು ಹೇಗೆ ಸಾಧ್ಯ?"

ಎರಡನೇ ತರಗತಿಯ ಒಬ್ಬಳು ಪುಟ್ಟ ಹುಡುಗಿಯ ಮುಂದೆ ಬಗ್ಗಿ ಕೇಳಿದರು, "ನಿನ್ ಹೆಸರೇನಮ್ಮ?" ಅವಳು ತುಟಿ ಬಿಗಿ ಹಿಡಿದಳು. "ಯಾವೂರು?" ಇಲ್ಲ. ಪಕ್ಕದವನನ್ನು ಕೇಳಿದರು, ಅವನೂ ಇಲ್ಲ. ಆಗ ನನಗೆ ನೆನಪಾಯಿತು. ಹಿಂದಿನ ವಾರವಷ್ಟೇ ಮಕ್ಕಳ ಸುರಕ್ಷತೆಯ ಪಾಠ ಮಾಡಿದ್ದೆ. ಗುರುತಿಲ್ಲದವರು ಹೆಸರು, ಊರು ಕೇಳಿದರೆ ಹೇಳಬೇಡಿ, ಚಾಕೊಲೇಟು ಕೊಟ್ಟರೆ ಮುಟ್ಟಬೇಡಿ, ದೊಡ್ಡವರನ್ನು ಕೂಗಿ ಅಂತ. ನಾನು ಬಾಯಿ ತೆರೆಯುವುದರೊಳಗೆ ಸಾಹೇಬರು ನಗುತ್ತಾ ಜೇಬಿನಿಂದ ಚಾಕೊಲೇಟು ತೆಗೆದರು.

ಇಡೀ ಶಾಲೆ ಒಂದೇ ಕೊರಳಲ್ಲಿ ಕಿರುಚಿತು.

ಅಡುಗೆಮನೆಯಿಂದ ಅಧ್ಯಕ್ಷೆ ಸೌಟು ಹಿಡಿದೇ ಓಡಿ ಬಂದರು. "ಯಾರ್ರೀ ನೀವು? ಐಡಿ ಕಾರ್ಡು ತೋರ್ಸಿ!"

ಐಡಿ ಕಾರ್ಡು ಜೀಪಿನಲ್ಲಿತ್ತು. ಜೀಪು ಹುಲಿಕೆರೆಯಲ್ಲಿತ್ತು. ಸಾಹೇಬರು ನನ್ನ ಕಡೆ ತಿರುಗಿದರು. "ಮೇಡಂ, ನೀವಾದ್ರೂ ಹೇಳಿ ನಾನು ಯಾರು ಅಂತ."

"ನಾನೂ ನಿಮ್ಮನ್ನ ಇವತ್ತೇ ನೋಡ್ತಿರೋದು ಸರ್," ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ಕೆಂಪಗಾದರು. "ಒಂದು ಮಗೂನೂ ತನ್ನ ಹೆಸರು ಹೇಳ್ತಿಲ್ಲ. ಇವರ್ಯಾರೂ ಈ ಊರಿನ ಮಕ್ಕಳಲ್ಲ. ನಾನು ಹಾಗೇ ಬರೀತೀನಿ." ನಾನು ಹೇಳಿಕೊಟ್ಟ ಪಾಠವೇ ನನ್ನ ಶಾಲೆಗೆ ಬೀಗ ಹಾಕಿಸುತ್ತದಲ್ಲ ಅಂತ ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಊಟದ ಗಂಟೆಯಾಯಿತು. ಅಡುಗೆಯಾಕೆ ಪಾಪ, ಬಂದವರು ಯಾರಾದರೇನು ಊಟದ ಹೊತ್ತು ಅಂತ, ಮಕ್ಕಳು ಪೇರಿಸಿಟ್ಟಿದ್ದ ತಟ್ಟೆಗಳಲ್ಲಿ ಮೇಲಿನದನ್ನು ತೆಗೆದು ಸಾಹೇಬರ ಕೈಗೆ ಕೊಟ್ಟಳು. ಇಷ್ಟು ಹೊತ್ತು ಹೆಸರೂ ಹೇಳದಿದ್ದ ಪುಟ್ಟ ಹುಡುಗಿ ಚೀರಿದಳು, "ಅದು ನಂದು! ನನ್ ತಟ್ಟೆ!"

ಸಾಹೇಬರು ತಟ್ಟೆ ತಿರುಗಿಸಿ ನೋಡಿದರು. ಹಿಂದೆ ಯಾರದೋ ಹೆಸರು, ಕೆಳಗೆ ಅರೇಹಳ್ಳಿ ಅಂತ ಕೆತ್ತಿತ್ತು. "ಸಿಕ್ಕಿಬಿದ್ರಿ! ಅರೇಹಳ್ಳಿ ಮಗು! ಅಲ್ಲಿಂದ ಕರ್ಕೊಂಡು ಬಂದಿದೀರಿ!"

"ಅಯ್ಯೋ, ಅವ್ಳು ನನ್ ಮಗ್ಳು ಕಣ್ರೀ," ಅಂದರು ಅಧ್ಯಕ್ಷೆ. "ಅದು ನನ್ ಮದ್ವೇಲಿ ನಮ್ ಸೋದರಮಾವ ಮುಯ್ಯಿ ಕೊಟ್ಟಿದ್ದು. ಹೆಸ್ರು ಹೊಡಿಸ್ದೆ ಯಾರಾದ್ರೂ ತಟ್ಟೆ ಕೊಡ್ತಾರಾ? ಮಿಕ್ಕಿದ್ದೂ ತಿರುಗ್ಸಿ ನೋಡಿ."

ನೋಡಿದರು. ನಮ್ಮ ಮಕ್ಕಳು ಮನೆಯಿಂದಲೇ ತಟ್ಟೆ ತರುತ್ತಾರೆ. ಸಾಹೇಬರು ಒಂದೊಂದನ್ನೇ ತಿರುಗಿಸಿ ಹಿಂದಿನ ಹೆಸರನ್ನು ಗಟ್ಟಿಯಾಗಿ ಓದಿದರು. ಓದಿದ ಹಾಗೆಲ್ಲ ಒಂದೊಂದು ಮಗು "ನಮ್ ತಾತಂದು", "ನಮ್ಮಪ್ಪಂದು" ಅಂತ ಓಡಿಬಂದು ಕಿತ್ತುಕೊಂಡು ಹೋಯಿತು. ನಾನು ದಾಖಲಾತಿ ಪುಸ್ತಕ ತೆರೆದು ತೋರಿಸಿದೆ, ಅದರಲ್ಲಿದ್ದ ತಂದೆ, ತಾತಂದಿರೆಲ್ಲ ತಟ್ಟೆಯ ಹಿಂದೆ ಇದ್ದರು. ಕೊನೆಗೆ ಒಂದು ತಟ್ಟೆಯೂ ಉಳಿಯಲಿಲ್ಲ, ಒಂದು ಮಗುವೂ ಉಳಿಯಲಿಲ್ಲ. ಸಾಹೇಬರು ಬಾಳೆ ಎಲೆಯಲ್ಲಿ ಊಟ ಮಾಡಿದರು.

ಊಟವಾದ ಮೇಲೆ ಶಾಲೆ ಇಲ್ಲೇ ಮುಂದುವರಿಯತಕ್ಕದ್ದು ಅಂತ ಬರೆದು ಸಹಿ ಹಾಕಿದರು. ನಾನು ಗೋಡೆಗೆ ಒರಗಿ ನಿಂತು, ಅಧ್ಯಕ್ಷೆಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ಜೀಪು ಬಂತು. ಹತ್ತುವ ಮೊದಲು ಸಾಹೇಬರು ಆ ಪುಟ್ಟ ಹುಡುಗಿಯ ಹತ್ತಿರ ಹೋಗಿ ಮತ್ತೆ ಬಗ್ಗಿದರು. "ಈಗ ನಾವಿಬ್ರೂ ಗುರುತಾದ್ವಲ್ಲ? ಈಗ್ಲಾದ್ರೂ ಹೆಸ್ರು ಹೇಳಮ್ಮ."

ಹುಡುಗಿ ತನ್ನ ತಟ್ಟೆಯನ್ನು ಎದೆಗೆ ಅವುಚಿಕೊಂಡು, ಅವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಮೊದ್ಲು ನಿಮ್ ತಟ್ಟೆ ತೋರ್ಸಿ," ಅಂದಳು.